ಬೂದು ಚುಕ್ಕೆಯ ಮನೆ

ಅಕ್ಕನ ಬಗ್ಗೆ ಬರೆಯಲು ಕೂತರೆ ಮೊದಲು ನನ್ನ ಮರ್ಯಾದೆಯನ್ನು ತೆಗೆದು ಪಕ್ಕಕ್ಕಿಡಬೇಕಾಗುತ್ತದೆ. ಇಡಲು ಹೆಚ್ಚೇನೂ ಇಲ್ಲ, ಹಾಗಾಗಿ ಶುರು ಮಾಡುತ್ತೇನೆ.

ನಾನು ಒಂದು ಬ್ರಾಡ್‌ಬ್ಯಾಂಡ್ ಕಂಪನಿಯಲ್ಲಿ ಸಂಬಳಕ್ಕಿರುವವನು. ಏನು ಕೆಲಸ ಎಂದು ಯಾರಾದರೂ ಕೇಳಿದರೆ "ನೆಟ್‌ವರ್ಕ್" ಎಂದು ಎದೆಯುಬ್ಬಿಸಿ ಹೇಳುತ್ತೇನೆ. ನಿಜದಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕರೆ ಮಾಡಿದವರ ವಿಳಾಸ ಕೇಳಿ, ಪರದೆಯ ನಕ್ಷೆಯಲ್ಲಿ ಅವರ ಮನೆ ಹುಡುಕಿ, ಅಲ್ಲಿರುವ ಚುಕ್ಕೆಯ ಬಣ್ಣವನ್ನು ಸಭ್ಯ ಭಾಷೆಯಲ್ಲಿ ಹೇಳುವುದು ನನ್ನ ಕೆಲಸ. ಹಸಿರಿದ್ದರೆ "ನಿಮ್ಮ ಮನೆಗೆ ನಮ್ಮ ಸೇವೆ ಲಭ್ಯವಿದೆ." ಹಳದಿಯಿದ್ದರೆ "ಶೀಘ್ರದಲ್ಲೇ." ಶೀಘ್ರ ಅಂದರೆ ಎಷ್ಟು ದಿನ ಎಂದು ನನಗೂ ಗೊತ್ತಿಲ್ಲ, ನಮ್ಮ ಟೀಮ್ ಲೀಡರಿಗೂ ಗೊತ್ತಿಲ್ಲ, ಚುಕ್ಕೆಗಂತೂ ಗೊತ್ತೇ ಇಲ್ಲ. ಬೂದು ಇದ್ದರೆ "ಕ್ಷಮಿಸಿ." ದಿನಕ್ಕೆ ನೂರಿಪ್ಪತ್ತು ಸಲ ಬಣ್ಣ ಹೇಳುತ್ತೇನೆ. ನಾಲ್ಕು ರಸ್ತೆ ಕೂಡುವಲ್ಲಿ ನಿಂತಿರುವ ಸಿಗ್ನಲ್ ಕಂಬಕ್ಕೂ ನನಗೂ ಇರುವ ವ್ಯತ್ಯಾಸ ಇಷ್ಟೇ: ಕಂಬಕ್ಕೆ ಯಾರೂ ಫೋನ್ ಮಾಡಿ ಬೈಯುವುದಿಲ್ಲ.

ಇಂಥವನ ಮನೆಗೇ ನೆಟ್ ಇರಲಿಲ್ಲ. ನನಗೇನೂ ತೊಂದರೆ ಇರಲಿಲ್ಲ ಬಿಡಿ, ಎರಡು ಜೋಕು, ನಾಲ್ಕು ಆಟದ ತುಣುಕು ನೋಡಲು ಮೊಬೈಲ್ ಸಾಕು. ತೊಂದರೆ ಬಂದದ್ದು ಅಕ್ಕನಿಗೆ.

ಅಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ನಮ್ಮ ಅಪ್ಪ ಅಮ್ಮ ಇಬ್ಬರಿಗೂ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ಅಪ್ಪ ಅಚ್ಚುಕೂಟದಲ್ಲಿದ್ದರು. ಬೇರೆಯವರು ಕಿವಿಗೆ ಹತ್ತಿ ಇಟ್ಟುಕೊಂಡು ಹಣೆ ಗಂಟಿಕ್ಕಿ ಮಾಡುತ್ತಿದ್ದ ಕೆಲಸವನ್ನು ಅವರು ಮೂವತ್ತು ವರ್ಷ ನಗುನಗುತ್ತಾ ಮಾಡಿ, ಗಲ್ಲಿಯ ಮೂಲೆಯಲ್ಲಿ ಬೆಂಕಿಪೊಟ್ಟಣವನ್ನು ನೆಟ್ಟಗೆ ನಿಲ್ಲಿಸಿದ ಹಾಗೆ ಒಂದು ಸಪೂರ ಮನೆ ಕಟ್ಟಿ, ಅದನ್ನು ಅಮ್ಮನ ಹೆಸರಿಗೆ ಬರೆದು, ಒಂದು ದಿನ ಸದ್ದಿಲ್ಲದೆ ತೀರಿಹೋದರು. ಮನೆಯಲ್ಲಿ ನಡೆಯುವುದೆಲ್ಲ ಸನ್ನೆಯ ಮಾತು. ನಮ್ಮಲ್ಲಿ ಎಂಥ ಜಗಳವಾದರೂ ಕೆಳಗೆ ಅಂಗಡಿ ಇಟ್ಟಿರುವ ಟೈಲರ್ ಮಾವನಿಗೆ ಕೇಳುವುದಿಲ್ಲ. "ನಿಮ್ಮಷ್ಟು ತಣ್ಣಗಿನ ಸಂಸಾರ ನಾನು ನೋಡಿಲ್ಲಪ್ಪಾ" ಎಂದು ಅವರು ಹೇಳುವಾಗ ಹಿಂದಿನ ದಿನ ತಾನೇ ಅಮ್ಮ ನನಗೆ ಹತ್ತು ಬೆರಳಿನಲ್ಲೂ ಉಗಿದಿರುತ್ತಾಳೆ. ಎದುರು ಮಾತಾಡೋಣವೆಂದರೆ ಅಮ್ಮ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಅಲ್ಲಿಗೆ ವಾದ ಮುಗಿಯಿತು.

ಶಾಲೆಗೆ ಸೇರುವ ಮೊದಲೇ ಅಕ್ಕನಿಗೆ ಕೆಲಸ ಸಿಕ್ಕಿತ್ತು. ಆರು ವರ್ಷದವಳು ಬ್ಯಾಂಕಿನ ಕಟ್ಟೆಗೆ ಗಲ್ಲ ಊರಿ ನಿಂತು, ಆ ಕಡೆಯವರ ಮಾತನ್ನು ಈ ಕಡೆ, ಈ ಕಡೆಯ ಕೈಯನ್ನು ಆ ಕಡೆ ದಾಟಿಸುತ್ತಿದ್ದಳಂತೆ. ನಾನು ಹುಟ್ಟಿದ ಸುದ್ದಿಯನ್ನು ಅಮ್ಮನಿಗೆ ತಿಳಿಸಿದ್ದೂ ಅವಳೇ. "ನರ್ಸು, ಗಂಡು ಮಗು, ಸ್ವಲ್ಪ ಪೆದ್ದನ ಥರ ಕಾಣ್ತಾನೆ ಅಂದ್ಲು. ನಾನು ಅರ್ಧ ಮಾತ್ರ ದಾಟಿಸಿದೆ. ಇನ್ನರ್ಧ ಅಮ್ಮನಿಗೆ ಆಮೇಲೆ ತಾನಾಗೇ ಗೊತ್ತಾಯ್ತು" ಎಂದು ಇವತ್ತಿಗೂ ಹೇಳಿ ನಗುತ್ತಾಳೆ. ನಾನು ಬೆಳೆಯುವ ಹೊತ್ತಿಗೆ ದಾಟಿಸಲು ಅಕ್ಕ ಇದ್ದೇ ಇದ್ದಳು; ನನಗೆ ಕಲಿಯುವ ದರ್ದು ಬೀಳಲಿಲ್ಲ. ಊಟ ಆಯ್ತಾ, ಬಾಗಿಲು ಹಾಕು, ತಡವಾಗುತ್ತೆ: ಇಷ್ಟರಲ್ಲಿ ಇಪ್ಪತ್ತೆಂಟು ವರ್ಷ ಕಳೆದಿದ್ದೇನೆ. ಅದರಾಚೆ ಹೋದರೆ ನನ್ನ ಕೈ ತೊದಲುತ್ತದೆ.

ಅಕ್ಕ ಅದನ್ನೇ ಬದುಕು ಮಾಡಿಕೊಂಡಳು. ಕಿವಿ ಕೇಳದವರ ಜೊತೆ ಆಸ್ಪತ್ರೆಗೆ, ಕಚೇರಿಗೆ, ಪೊಲೀಸ್ ಠಾಣೆಗೆ ಹೋಗಿ ಅವರ ಮಾತು ದಾಟಿಸುವ ಕೆಲಸ. ಹನ್ನೆರಡು ವರ್ಷ ಬಸ್ಸಿನಿಂದ ಬಸ್ಸಿಗೆ ಹಾರಿದಳು. ಮದುವೆಯ ಮಾತೆತ್ತಿದವರಿಗೆ "ನಾಳೆ ಮೂರು ಕಡೆ ಹೋಗ್ಬೇಕು, ನಾಡಿದ್ದು ನೋಡೋಣ" ಅನ್ನುತ್ತಿದ್ದಳು. ಮೂರು ತಿಂಗಳ ಹಿಂದೆ ಬಸ್ಸಿನ ಮೆಟ್ಟಿಲಿನಿಂದಲೇ ಜಾರಿ ಬಿದ್ದು ಮೊಣಕಾಲು ತಿರುಚಿಕೊಂಡಳು. ಆರು ತಿಂಗಳು ಮೆಟ್ಟಿಲು ಹತ್ತಬಾರದು, ಹೆಚ್ಚು ಹೊತ್ತು ನಿಲ್ಲಬಾರದು ಎಂದರು ಡಾಕ್ಟರು. ನಾವಿರುವುದು ಎರಡನೇ ಮಹಡಿ, ಮೂವತ್ತೆಂಟು ಮೆಟ್ಟಿಲು.

ಕಾಲಿಗೆ ಚಕ್ರ ಕಟ್ಟಿಕೊಂಡಿದ್ದವಳನ್ನು ಎರಡು ಕೋಣೆಯಲ್ಲಿ ಕೂಡಿಹಾಕಿದರೆ ಏನಾಗುತ್ತದೆಂದು ನಾನು ನೋಡಿದ್ದೇನೆ. ಮೊದಲ ವಾರ ಚಮಚಗಳನ್ನು ಗಾತ್ರದ ಪ್ರಕಾರ ಜೋಡಿಸಿದಳು. ಎರಡನೇ ವಾರ ಅವನ್ನೇ ಹಿಂದುಮುಂದು ಮಾಡಿ ಜೋಡಿಸಿದಳು. ಊರುಗೋಲು ಹಿಡಿದು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆದಳು. ಟಕ್, ಟಕ್, ಟಕ್. ಆ ಸದ್ದು ಅಮ್ಮನಿಗೆ ಕೇಳದು, ನೆಲದ ಅದುರು ಅಂಗಾಲಿಗೆ ತಿಳಿಯುತ್ತದೆ. "ಇವಳನ್ನು ಎಲ್ಲಾದರೂ ಕಟ್ಟಿಹಾಕು" ಎಂದು ನನಗೆ ಸನ್ನೆ ಮಾಡುತ್ತಿದ್ದಳು.

ಅಂಥ ಹೊತ್ತಿನಲ್ಲಿ ಒಂದು ಕೆಲಸ ಬಂತು. ಹಲವಾರು ಆಸ್ಪತ್ರೆಗಳಿಗೆ ವಿಡಿಯೋ ಮೂಲಕ ಸನ್ನೆ ದಾಟಿಸಿಕೊಡುವ ಒಂದು ಸಂಸ್ಥೆ. ಅಕ್ಕ ಮನೆಯಲ್ಲೇ ಕುರ್ಚಿಯಲ್ಲಿ ಕೂತು ಮಾಡಬಹುದು. ಷರತ್ತು ಒಂದೇ, ಮನೆಗೆ ವೈರಿನ ನೆಟ್ ಇರಬೇಕು. ಮೊಬೈಲ್ ನೆಟ್ ಸಾಲದೆಂದು ಅವರಿಗೂ ಅಕ್ಕನಿಗೂ ಮೊದಲ ಪ್ರಯತ್ನದಲ್ಲೇ ಗೊತ್ತಾಗಿತ್ತು. ಮಾತಾದರೆ ಸ್ವಲ್ಪ ಗೊರಗೊರ ಅಂದರೂ ಅರ್ಥವಾಗುತ್ತದೆ. ಕೈ ಹಾಗಲ್ಲ. ಅಕ್ಕನ ಕೈ ಅರ್ಧಕ್ಕೆ ಏರಿ ಪರದೆಯ ಮೇಲೆ ಹಾಗೇ ಕಲ್ಲಾಗಿ ನಿಂತಿತು. ಅರ್ಧ ಏರಿದ ಕೈ ಅರ್ಧ ಮಾತಲ್ಲ, ಬೇರೆಯದೇ ಮಾತು. ಆ ಕಡೆಯಲ್ಲಿದ್ದ ರೋಗಿ ಗಾಬರಿಯಿಂದ ಎದ್ದು ನಿಂತೇಬಿಟ್ಟನಂತೆ.

"ಶನಿವಾರ ಸಂಜೆ ಐದರೊಳಗೆ ವೈರಿನ ಲೈನಿನಲ್ಲಿ ಪರೀಕ್ಷೆಯ ಕರೆ ಮಾಡಿ ತೋರಿಸಬೇಕಂತೆ," ಎಂದಳು ಅಕ್ಕ ಸೋಮವಾರ. "ಇಲ್ಲಾಂದ್ರೆ ಪಟ್ಟಿಯಲ್ಲಿ ನನ್ನ ಹಿಂದಿರೋರಿಗೆ ಹೋಗುತ್ತೆ."

"ಅಯ್ಯೋ, ನಾನಿಲ್ವೇನೇ? ನಮ್ಮ ಕಂಪನಿದೇ ಹಾಕಿಸಿದರಾಯ್ತು" ಎಂದೆ. ಬಾಯಿಗೇನು, ಬಾಡಿಗೆಯೇ?

ನಮ್ಮಲ್ಲಿ ನೌಕರರು ಸ್ವಂತ ವಿಳಾಸವನ್ನು ಆಫೀಸಿನ ನಕ್ಷೆಯಲ್ಲಿ ತೆರೆಯುವ ಹಾಗಿಲ್ಲ. ಹಾಗಾಗಿ ಎಲ್ಲರ ಹಾಗೆ ವೆಬ್‌ಸೈಟಿನಲ್ಲಿ ನೋಡಿದೆವು. ಪಿನ್ ಕೋಡ್ ಹಾಕಿದೆವು, ಬೀದಿ ಆರಿಸಿದೆವು. ಮನೆ ನಂಬರಿನ ಪಟ್ಟಿ ಬಂತು: 41, 42, 44, 45. ನಮ್ಮದು 43. ಅಕ್ಕ ಪಟ್ಟಿಯನ್ನು ಮೇಲಕ್ಕೂ ಕೆಳಕ್ಕೂ ಎಳೆದು ಎಳೆದು ನೋಡಿದಳು, ಎಲ್ಲೋ ಮರೆಯಲ್ಲಿ ಅವಿತು ಕೂತಿದೆಯೋ ಎಂಬಂತೆ.

"ನಾವು ಇದ್ದೀವೇನೋ ನಿಜವಾಗ್ಲೂ?"

"ಇದ್ದೀವಿ ಕಣೇ. ತೆರಿಗೆ ಕಟ್ತೀವಲ್ಲ."

ಬೇರೆ ಕಂಪನಿಗಳಿಗೆ ಹೋದೆವು. ಒಂದು, ಪಿನ್ ಕೋಡ್ ಹಾಕಿದ ಕೂಡಲೇ "ಲಭ್ಯವಿದೆ!" ಎಂದು ಬಣ್ಣದ ಬಲೂನು ಹಾರಿಸಿ, ಅಕ್ಕನ ನಂಬರ್ ಇಸಿದುಕೊಂಡು, ಐದೇ ನಿಮಿಷಕ್ಕೆ ಫೋನ್ ಮಾಡಿ "ನಿಮ್ಮ ಏರಿಯಾದಲ್ಲಿ ಇಲ್ಲ ಮೇಡಂ, ಪಕ್ಕದ ಬೀದಿಗೆ ಮನೆ ಬದಲಾಯಿಸುವ ಯೋಚನೆ ಇದೆಯಾ?" ಎಂದಿತು. ಇನ್ನೊಂದರ ಅರ್ಜಿ, ನಿಮ್ಮ ಈಗಿನ ಬ್ರಾಡ್‌ಬ್ಯಾಂಡ್ ಸಂಖ್ಯೆ ನಮೂದಿಸಿ, ಅದಿಲ್ಲದೆ ಮುಂದೆ ಹೋಗಲಾಗದು ಎಂದು ಹಟ ಹಿಡಿಯಿತು. "ಇದ್ದಿದ್ರೆ ನಿನ್ನ ಬಾಗಿಲಿಗೆ ಯಾಕೋ ಬರ್ತಿದ್ದೆ!" ಎಂದು ಅಕ್ಕ ಪರದೆಗೆ ಬೈದಳು. ಮೂರನೆಯದರ ಚಾಟ್ ಯಂತ್ರ, ನಾವು ಏನು ಬರೆದರೂ "ಅರ್ಥವಾಗಲಿಲ್ಲ. ನಿಮ್ಮ ಸಮಸ್ಯೆ ಪರಿಹಾರವಾಯಿತೇ?" ಎಂದಿತು. ಅಮ್ಮ ಇದನ್ನೆಲ್ಲ ನೋಡಿ, ಇಷ್ಟೊಂದು ಬಡಿಯುತ್ತಿದ್ದೀರಲ್ಲ, ಆ ಕಡೆ ಯಾರಾದರೂ ಇದ್ದಾರಾ ಎಂದು ಕೇಳಿದಳು. ನನ್ನ ವೃತ್ತಿಯ ಬಗ್ಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾರೂ ಕೇಳಿಲ್ಲ.

ಮಂಗಳವಾರ ಹನ್ನೊಂದರ ಹೊತ್ತಿಗೆ ಅಕ್ಕ ತಡೆಯಲಾರದೆ ನಮ್ಮ ಕಂಪನಿಯ ಸಹಾಯವಾಣಿಗೇ ಕರೆ ಮಾಡಿದಳು. ಆ ಪಾಳಿಯಲ್ಲಿ ಇದ್ದವರು ಆರು ಜನ. ಕರೆ ಸುತ್ತಿ ಸುತ್ತಿ ನನ್ನ ಕಿವಿಗೇ ಬಂತು. ನಮ್ಮ ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ. ಹೆಚ್ಚು ಕಡಿಮೆ ಮಾತಾಡಿದರೆ ಅಂಕ ಕಡಿತ.

"ನಮಸ್ಕಾರ, ನಿಮಗೆ ಹೇಗೆ ಸಹಾಯ ಮಾಡಲಿ?"

ಆ ಕಡೆ ಅಕ್ಕನ ದನಿ: "ಮಾಡು ನೋಡೋಣ."

"ನಿಮ್ಮ ವಿಳಾಸ ಹೇಳ್ತೀರಾ ಮೇಡಂ?"

"ನೀನು ಬೆಳಿಗ್ಗೆ ಒದ್ದೆ ಟವೆಲ್ ಮಂಚದ ಮೇಲೆ ಬಿಸಾಕಿ ಹೋದೆಯಲ್ಲ, ಆ ವಿಳಾಸ."

ಪಕ್ಕದ ಸೀಟಿನವಳು ನನ್ನ ಮುಖ ನೋಡಿದಳು. ನಾನು ಬೆವರು ಒರೆಸಿಕೊಂಡು ವಿಳಾಸ ಟೈಪ್ ಮಾಡಿದೆ. ಗ್ರಾಹಕರು ಕೇಳಿದರೆ ತೆರೆಯಬಹುದು, ತಪ್ಪಲ್ಲ. ಗಲ್ಲಿಯಲ್ಲಿ ನಮ್ಮ ಮನೆಯಿರುವ ತುದಿಯೆಲ್ಲ ಬೂದು. ಪಕ್ಕದಲ್ಲಿ ಒಂದೇ ಸಾಲು: ಕಟ್ಟಡದ ಗೋಡೆಗೆ ಪೆಟ್ಟಿಗೆ ಹಾಕಲು ಮಾಲೀಕರ ಅನುಮತಿ ಇಲ್ಲ, ನಿವೇಶನ 7/2.

"ಕ್ಷಮಿಸಿ ಮೇಡಂ. ಕೇಬಲ್ ಪೆಟ್ಟಿಗೆ ಇಡೋಕೆ ಒಬ್ಬ ಮಾಲೀಕರು ಒಪ್ಪಿಲ್ಲ. ಅದರಿಂದಾಗಿ ನಿಮ್ಮ ಕಡೆ ಐದು ಮನೆಗೆ ಸೇವೆ ಇಲ್ಲ."

"ಯಾರವನು? ಹೆಸರು ಹೇಳು."

"ಅದು ನಮಗೆ ಕಾಣ್ಸಲ್ಲ ಮೇಡಂ. ಬೇರೆ ಏನಾದ್ರೂ ಸಹಾಯ ಬೇಕಿತ್ತಾ?"

"ಬೇಕು. ಸಂಜೆ ಬೇಗ ಮನೆಗೆ ಬಾ."

ಸಂಜೆಯ ಹೊತ್ತಿಗೆ ಸುದ್ದಿ ಗಲ್ಲಿಯಲ್ಲೆಲ್ಲ ಹಬ್ಬಿತ್ತು. ಟೈಲರ್ ಮಾವ ಹೊಲಿಗೆ ಯಂತ್ರ ನಿಲ್ಲಿಸಿ ಹೊರಗೆ ಬಂದರು. "ಐದು ಮನೆಯವರ ಬಾಯಿಗೆ ಮಣ್ಣು ಹಾಕಿದನಲ್ಲಪ್ಪಾ! ಅವನ ಗೋಡೆಯೇನು ಬಂಗಾರದ್ದಾ?" ಎಂದರು. ನಾನೂ ಬಿಡಲಿಲ್ಲ. ಕಂಪನಿಯ ಒಳಗಿನವನೆಂಬ ಠೀವಿಯಲ್ಲಿ, ಇಂಥ ಮಾಲೀಕರನ್ನು ದಿನಾ ನೋಡುತ್ತೇನೆ, ತಾವೂ ತಿನ್ನುವುದಿಲ್ಲ, ಬೇರೆಯವರಿಗೂ ಬಿಡುವುದಿಲ್ಲ ಎಂದು ಹತ್ತು ನಿಮಿಷ ಭಾಷಣ ಬಿಗಿದೆ. ಮೇಲೆ ಕಿಟಕಿಯಲ್ಲಿ ಅಮ್ಮ ನಿಂತು ನೋಡುತ್ತಿದ್ದಳು. ನಾನು ಕೈ ಬೀಸಿದೆ. ಅವಳೂ ಬೀಸಿದಳು.

ಬುಧವಾರ ಅರ್ಧ ದಿನ ರಜೆ ಹಾಕಿ ನಮ್ಮ ಸರ್ವೆ ಅಣ್ಣನನ್ನು ಕೈಕಾಲು ಹಿಡಿದು ಕರೆತಂದೆ. ಉದ್ದ ಹಿಡಿಯ ತುದಿಗೆ ಒಂದು ಚಕ್ರ ಕಟ್ಟಿಕೊಂಡು ಬೀದಿ ಅಳೆಯುತ್ತಾ ಓಡಾಡುವ, ಯಾವ ಗೋಡೆಗೂ ಯಾವ ಮಾಲೀಕನಿಗೂ ಬೆರಗಾಗದ ಮನುಷ್ಯ. ಗಲ್ಲಿಯುದ್ದಕ್ಕೂ ಚಕ್ರ ಉರುಳಿಸಿ ಟೈಲರ್ ಮಾವನ ಅಂಗಡಿ ಮುಂದೆ ನಿಂತ.

"7/2 ಇದೇ."

"ಯಾವುದು?"

"ಇದೇ ಕಟ್ಟಡ. ಪೆಟ್ಟಿಗೆ ಹಾಕೋ ಕಟ್ಟಡವನ್ನ ಮನೆ ನಂಬರಿನಲ್ಲಿ ಸೇರಿಸಲ್ಲ, ನಿವೇಶನದ ನಂಬರಿನಲ್ಲಿ ಬರುತ್ತೆ. ಅದಕ್ಕೇ 43 ಪಟ್ಟಿಯಲ್ಲಿ ಇಲ್ಲ."

ಟೈಲರ್ ಮಾವ ಹಣೆ ಚಚ್ಚಿಕೊಂಡರು. "ಹೌದಲ್ಲ! ನನ್ನ ಬಾಡಿಗೆ ಕರಾರಿನಲ್ಲೂ ಇದೇ ನಂಬರು! ಅಂದ್ರೆ ನಿಮ್ಮಮ್ಮನೇ..."

ಸರ್ವೆ ಅಣ್ಣ ಕೈಯಲ್ಲಿದ್ದ ಟ್ಯಾಬ್ ತೆರೆದು, ಹೊರಗೆ ತಿರುಗುವವರಿಗಷ್ಟೇ ಕಾಣುವ ಟಿಪ್ಪಣಿಯನ್ನು ಗಟ್ಟಿಯಾಗಿ ಓದಿದ. "ಎರಡು ವರ್ಷದ ಹಿಂದಿನದು. ಮೂರು ಕರೆ. ಎರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ ಫೋನ್ ಎತ್ತಿ, ಪೂರ್ತಿ ವಿವರ ಹೇಳಿದರೂ ಒಂದು ಮಾತೂ ಆಡದೆ ಇಟ್ಟರು. ಬಾಯಿ ಬಿಡಲೂ ಪುರುಸೊತ್ತಿಲ್ಲದ ದೊಡ್ಡ ಮನುಷ್ಯರು. ನಿರಾಕರಣೆ ಎಂದು ಪರಿಗಣಿಸಿದೆ." ತಲೆ ಎತ್ತಿ ನಕ್ಕ. "ಯಾವ ಪುಣ್ಯಾತ್ಮ ಬರೆದಿದ್ದಾನೋ. ನೌಕರ ಸಂಖ್ಯೆ ಮೂರು ಒಂದು ಎಂಟು."

ನನ್ನ ಕೊರಳಲ್ಲಿ ನೇತಾಡುತ್ತಿದ್ದ ಕಾರ್ಡನ್ನು ಮೆಲ್ಲಗೆ ಅಂಗಿಯ ಒಳಗೆ ಸರಿಸಿಕೊಂಡೆ.

ನೆನಪಾಯಿತು. ಕೆಲಸಕ್ಕೆ ಸೇರಿದ ಎರಡನೇ ತಿಂಗಳು. ಬಾಕಿ ಉಳಿದ ಅನುಮತಿಗಳನ್ನು ಮುಗಿಸಿ ಎಂದು ಒಂದು ಉದ್ದ ಪಟ್ಟಿ ಕೊಟ್ಟಿದ್ದರು. ಕರೆಯನ್ನು ಯಂತ್ರವೇ ಹಚ್ಚುತ್ತಿತ್ತು. ನಮಗೆ ಕಾಣುತ್ತಿದ್ದದ್ದು ನಿವೇಶನ ಸಂಖ್ಯೆ ಮಾತ್ರ, ಹೆಸರೂ ಇಲ್ಲ, ಫೋನ್ ನಂಬರೂ ಇಲ್ಲ. ಆ ತಿಂಗಳು ಅತಿ ಹೆಚ್ಚು ಪ್ರಕರಣ ಮುಗಿಸಿದ್ದಕ್ಕೆ ನನಗೊಂದು ಪ್ರಶಂಸಾ ಪತ್ರ ಬಂತು. ಅಮ್ಮ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದಳು.

"ಈಗ ಏನು ಮಾಡೋದು ಅಣ್ಣಾ?" ಎಂದೆ.

"ಮಾಲೀಕರು ಫೋನಿನಲ್ಲಿ ಒಪ್ಪಿಗೆ ಅಂತ ಬಾಯಿಬಿಟ್ಟು ಹೇಳಬೇಕು, ರೆಕಾರ್ಡ್ ಆಗುತ್ತೆ. ಆಗಲ್ಲಾಂದ್ರೆ ಕಾಗದದಲ್ಲಿ ಸಹಿ. ನಡಿ ಮೇಲೆ."

ಮೂವತ್ತೆಂಟು ಮೆಟ್ಟಿಲು ಹತ್ತುವಾಗ, ಇದನ್ನು ಅಕ್ಕನಿಗೆ ಯಾವಾಗ ಹೇಳಲಿ ಎಂದು ಲೆಕ್ಕ ಹಾಕಿದೆ. ಮೂವತ್ತೆಂಟನೆಯದಕ್ಕೆ ಬರುವಷ್ಟರಲ್ಲಿ, ಹೇಳದೇ ಇರುವುದು ಎಂದು ತೀರ್ಮಾನವಾಗಿತ್ತು.

ಮಾಲೀಕರು ಅಮ್ಮನೇ ಎಂದು ತಿಳಿದು ಅಕ್ಕನಿಗೆ ನಗುವೋ ಸಿಟ್ಟೋ ತಿಳಿಯದಾಯಿತು. ಆದರೆ ಪೇಪರ್ ಮೇಲೆ ಸಹಿ ಬಿದ್ದರೆ ಆಯಿತಲ್ಲ ಎಂದು ಮುಖ ಬೆಳಗಿತು. ಕಾಗದ ಕೈಗೆ ತೆಗೆದುಕೊಂಡು ಕೊನೆಯ ಸಾಲು ಓದಿದಳು. ಅಲ್ಲೇ ನಿಂತಳು.

"ಮಾಲೀಕರಿಗೆ ವಿವರಿಸಿದವರ ಸಹಿ. ಅರ್ಜಿದಾರರು ವಿವರಿಸುವಂತಿಲ್ಲ."

ಅರ್ಜಿದಾರಳು ಅಕ್ಕ. ಲೈನು ಅವಳ ಹೆಸರಿಗೆ.

"ಅಯ್ಯೋ, ನೀವೇ ಹೇಳಿ ಮೇಡಂ, ಯಾರು ನೋಡೋಕೆ ಬರ್ತಾರೆ" ಎಂದ ಸರ್ವೆ ಅಣ್ಣ.

ಶನಿವಾರಕ್ಕೆ ಮೂರು ದಿನ. ಅಕ್ಕ ಕಾಗದವನ್ನು ಅವನ ಕೈಗೆ ವಾಪಸ್ ಕೊಟ್ಟಳು. "ಇಲ್ಲ ಅಣ್ಣಾ. ನನಗೆ ಲಾಭ ಇರೋ ಮಾತನ್ನ ನಾನು ದಾಟಿಸಲ್ಲ. ಹನ್ನೆರಡು ವರ್ಷದಲ್ಲಿ ದಾಟಿಸಿಲ್ಲ. ಅಮ್ಮನಿಗೆ ಗೋಡೆ ಕೊರೆಸೋಕೆ ಇಷ್ಟವಿಲ್ಲದಿದ್ರೆ? ನನ್ನ ಕೈಯೇ ಅವಳನ್ನ ಒಪ್ಪಿಸಿಬಿಡುತ್ತೆ, ನನಗೇ ಗೊತ್ತಾಗದ ಹಾಗೆ." ನನ್ನ ಕಡೆ ತಿರುಗಿದಳು. "ನೀನು ಹೇಳು."

"ನಾನಾ? ನಾನು ಕಂಪನಿಯವನು ಕಣೇ!"

"ಲೈನು ಬಂದ್ರೆ ನಿನಗೆ ಲಾಭ ಏನೂ ಇಲ್ಲವಲ್ಲ. ಕೂತ್ಕೋ."

ಅಮ್ಮನ ಎದುರು ಸ್ಟೂಲಿನ ಮೇಲೆ ಕೂತೆ. ಅಕ್ಕ ಮಂಚದ ಮೇಲೆ ಕೂತು ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಳು. ಬಾಯಿಗೆ ಬಟ್ಟೆ ಕಟ್ಟಿಕೊಂಡ ಹಾಗೆ. ನಾನು ಶುರು ಮಾಡಿದೆ. ಹಿಂದೆ ನೀನು ಬೇಡ ಅಂದಿದ್ದೀಯಂತೆ. ಪೆಟ್ಟಿಗೆ. ಗೋಡೆ. ತೂತು. ವೈರು. ಅಮ್ಮ ಹುಬ್ಬು ಗಂಟಿಕ್ಕಿದಳು. ನಾನು ವೈರಿಗೆ ಮಾಡಿದ ಸನ್ನೆ ಅವಳಿಗೆ ಹಾವಿನ ಹಾಗೆ ಕಂಡಿತಂತೆ. ಅಕ್ಕನ ಬಲಗೈ ಮಿಡಿದು ಹೊರಬರಲು ನೋಡಿತು. ಅವಳು ಅದರ ಮೇಲೆ ಇನ್ನಷ್ಟು ಭಾರ ಹಾಕಿದಳು.

ಅಮ್ಮನ ಪ್ರಶ್ನೆಗಳು ಶುರುವಾದವು. ಪೆಟ್ಟಿಗೆ ಎಷ್ಟು ದೊಡ್ಡದು? ಮಳೆ ನೀರು ತೂತಿನಿಂದ ಒಳಗೆ ಬಂದರೆ? ಟೈಲರ್ ಅಂಗಡಿಯ ಬಾಗಿಲಿಗೆ ಅಡ್ಡವೇ? ಒಂದೊಂದಕ್ಕೂ ನಾನು ಸರ್ವೆ ಅಣ್ಣನನ್ನು ಕೇಳಿ, ಬೆವರಿ, ಬೆರಳು ತಿರುಚಿ ಹೇಳಿದೆ. ಆಮೇಲೆ ಅವಳು ನನ್ನ ಮುಖವನ್ನೇ ನೋಡುತ್ತಾ ನಿಧಾನವಾಗಿ ಕೇಳಿದಳು: "ನಾನು ಮೊದಲು ಬೇಡ ಅಂದಿದ್ದೆನಂತೆ. ಯಾರಿಗೆ ಅಂದೆ?"

ಬಾಯಿಮಾತಿನಲ್ಲಿ ಸುಳ್ಳು ಹೇಳುವಾಗ ಎತ್ತಲೋ ನೋಡುತ್ತಾ ಹೇಳಬಹುದು. ಸನ್ನೆಯಲ್ಲಿ ಆಗುವುದಿಲ್ಲ. ಕಣ್ಣು ತಪ್ಪಿದರೆ ಮಾತೂ ತಪ್ಪಿತು.

"ನನಗೆ" ಎಂದೆ.

ಅಕ್ಕ ಮಂಚದಿಂದ ಅರ್ಧ ಎದ್ದಳು.

"ಫೋನ್ ಮಾಡಿದ್ದು ನಾನು. ನೀನು ಅಂತ ಗೊತ್ತಿರಲಿಲ್ಲ. ನೀನು ಎತ್ತಿದೆ. ನಾನು ಮಾತಾಡಿದೆ. ಮಾತಾಡುತ್ತಲೇ ಇದ್ದೆ."

"ಎಷ್ಟೋ ಬರುತ್ತವೆ," ಎಂದಿತು ಅಮ್ಮನ ಕೈ. "ಫೋನ್ ನಡುಗುತ್ತೆ. ನಿಮ್ಮಲ್ಲಿ ಯಾರೋ ವಿಡಿಯೋದಲ್ಲಿ ಕರೆದಿದ್ದೀರಿ ಅಂತ ಎತ್ತುತ್ತೇನೆ. ಮುಖ ಬರುವುದಿಲ್ಲ. ಮುಖ ಬರಲಿ ಅಂತ ಕಾಯುತ್ತೇನೆ. ಬರುವುದೇ ಇಲ್ಲ. ಇಡುತ್ತೇನೆ." ಆಮೇಲೆ: "ಎಷ್ಟು ಹೊತ್ತು ಮಾತಾಡಿದೆ?"

ಆ ವಿವರ ಒಂದು ನಿಮಿಷ ನಲವತ್ತು ಸೆಕೆಂಡಿನದು. ನಾವೆಲ್ಲ ಬಾಯಿಪಾಠ ಮಾಡಿರುತ್ತೇವೆ. ಹೇಳಿದೆ.

"ಅಷ್ಟು ಹೊತ್ತಾ? ಮನೆಯಲ್ಲಿ ನೀನು ನನ್ನ ಹತ್ತಿರ ಒಂದೇ ಸಲಕ್ಕೆ ಅಷ್ಟು ಹೊತ್ತು ಯಾವತ್ತೂ ಮಾತಾಡಿಲ್ಲ."

ಅವಳು ಬೈದು ಹೇಳಲಿಲ್ಲ. ಲೆಕ್ಕ ತಪ್ಪಿದೆಯೇನೋ ಎಂಬಂತೆ ಕೇಳಿದಳು. ನಾನು ತಲೆ ತಗ್ಗಿಸಿದೆ, ಅವಳು ಗಲ್ಲ ಹಿಡಿದು ಎತ್ತಿದಳು. "ಈಗ ಹೇಳು. ಅವತ್ತು ಏನೇನು ಹೇಳಿದೆಯೋ ಅದನ್ನೆಲ್ಲ."

ಹೇಳಿದೆ. ನಮಸ್ಕಾರ. ನಿಮ್ಮ ಅಮೂಲ್ಯ ಸಮಯಕ್ಕೆ ಧನ್ಯವಾದ. ನಿಮ್ಮ ಕುಟುಂಬದವರು ಒಬ್ಬರಿಗೊಬ್ಬರು ಇನ್ನಷ್ಟು ಹತ್ತಿರವಾಗಲು ನಾವು ನೆರವಾಗುತ್ತೇವೆ. ಒಂದು ನಿಮಿಷ ನಲವತ್ತು ಸೆಕೆಂಡಿನ ಮಾತಿಗೆ ಹದಿನೈದು ನಿಮಿಷ ಹಿಡಿಯಿತು. ಅಮ್ಮ ನಡುನಡುವೆ ನನ್ನ ಬೆರಳು ಹಿಡಿದು ತಿದ್ದಿದಳು. ಕೈಯ ಜೊತೆ ನನ್ನ ಬಾಯೂ ಆಡುತ್ತಿದ್ದುದರಿಂದ ಎಲ್ಲ ತಿಳಿದ ಸರ್ವೆ ಅಣ್ಣ ಗಡಿಯಾರ ನೋಡುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದ. ಕೊನೆಗೆ ತಡೆಯಲಾರದೆ, "ಆ ಮೂರು ಒಂದು ಎಂಟು ನೀನೇನೋ? ದೊಡ್ಡ ಮನುಷ್ಯರು ಅಂತ ಬರೆದೋನು?" ಎಂದ.

"ಅಮ್ಮನಿಗೆ ಏನಂತ ಬರೆದಿದ್ದೀಯಾ?" ಎಂದಳು ಅಕ್ಕ. ಧ್ವನಿ ಏರಿತ್ತು. "ದಾಟಿಸು. ಈಗ ವಿವರಿಸೋನು ನೀನು. ಅದನ್ನೂ ದಾಟಿಸು."

ದಾಟಿಸಿದೆ. ಅಮ್ಮ ನನ್ನನ್ನು ನೋಡಿದಳು, ಗೋಡೆಯ ಪ್ರಶಂಸಾ ಪತ್ರ ನೋಡಿದಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು. ಪೆನ್ನು ಇಸಿದುಕೊಂಡು, ತಾನು ಬೇಡ ಅಂದಿರಲಿಲ್ಲ ಎಂದು ಬರೆಯಿಸಿದ ಮೇಲೆಯೇ ಸಹಿ ಹಾಕುತ್ತೇನೆ ಎಂದಳು. ಬರೆದೆ. ಹಾಕಿದಳು.

ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ಗುರುವಾರ, ಸರ್ವೆ ಅಣ್ಣ ನೋಡಿ ಹೇಳಿದಂತೆ, ಚುಕ್ಕೆ ಹಳದಿಯಾಗಿತ್ತು. ಶುಕ್ರವಾರವೂ ಹಳದಿ. ಗ್ರಾಹಕರಿಗೆ ನಾನು "ಶೀಘ್ರದಲ್ಲೇ" ಅನ್ನುವಾಗ ನಾಲಿಗೆ ಒಣಗುತ್ತಿತ್ತು. ಮೂರು ಸಲ ಟೀಮ್ ಲೀಡರ್ ಮುಂದೆ ಹೋಗಿ ನಿಂತೆ. ಅವರು ನಾನು ದಿನಾ ಬೇರೆಯವರಿಗೆ ಹೇಳುವ ವಾಕ್ಯಗಳನ್ನೇ, ಅದೇ ಕ್ರಮದಲ್ಲಿ, ನನಗೆ ಹೇಳಿದರು. ಮನೆಯಲ್ಲಿ ಟಕ್ ಟಕ್ ನಿಲ್ಲಲಿಲ್ಲ.

ಶನಿವಾರ ಎರಡೂವರೆಗೆ ಕೇಬಲ್ಲಿನವರು ಏಣಿ ಹೊತ್ತು ಬಂದರು. ಸರ್ವೆ ಅಣ್ಣ ಯಾರದೋ ಕಾಲು ಹಿಡಿದಿದ್ದನಂತೆ. ಕೇಳಿದರೆ "ನಿಮ್ಮಮ್ಮನಿಗೋಸ್ಕರ" ಎಂದ. ಗೋಡೆ ಕೊರೆಯುವಾಗ ಅಮ್ಮ ಅಂಗೈಯನ್ನು ಒಳಗಿನಿಂದ ಗೋಡೆಗೆ ಇಟ್ಟು, ಎಲ್ಲಿಗೆ ಬಂತೆಂದು ನಮಗೆ ಹೇಳುತ್ತಿದ್ದಳು. ಮೂರೂ ಮುಕ್ಕಾಲಿಗೆ ವೈರು ಒಳಗೆ ಬಂತು. ನಾಲ್ಕಕ್ಕೆ ರೂಟರಿನ ದೀಪ ಕೆಂಪಗೆ ಮಿಟುಕಿತು. ನಾಲ್ಕೂ ಕಾಲಿಗೂ ಕೆಂಪು. ಅಕ್ಕ ಉಗುರು ಕಚ್ಚಿದಳು. ಕೇಬಲ್ಲಿನವನು ತುದಿ ಕತ್ತರಿಸಿ ಮತ್ತೆ ಸಿಕ್ಕಿಸಿದ. ನಾಲ್ಕು ಮೂವತ್ತೈದಕ್ಕೆ ಹಸಿರು.

ಅಕ್ಕ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ರೋಗಿಯ ಮಾತು ಬೇರೆಯವರು ನೋಡುವಂತಿಲ್ಲ, ಪರೀಕ್ಷೆಯಾದರೂ ಅದೇ ನಿಯಮ. ನಾನೂ ಅಮ್ಮನೂ ಹೊರಗೆ ನಿಂತೆವು. ಸ್ವಲ್ಪ ಹೊತ್ತಿಗೆ ಅಕ್ಕನ ದನಿ ಕೇಳಿತು: "ಎರಡು ದಿನದಿಂದ ಎದೆ ಹಿಡಿದ ಹಾಗೆ ಆಗ್ತಿದೆ ಡಾಕ್ಟ್ರೇ. ಮೆಟ್ಟಿಲು ಹತ್ತಿದ್ರೆ ಜಾಸ್ತಿ." ನಾನು ಬಾಗಿಲು ತಳ್ಳಲು ಕೈ ಚಾಚಿದೆ. ಆಮೇಲೆ ಹೊಳೆಯಿತು, ಅದು ಅವಳ ಎದೆಯಲ್ಲ. ದಾಟಿಸುವವರು ಆ ಕಡೆಯವರ ಮಾತನ್ನು ತಮ್ಮದೇ ಎಂಬಂತೆ ಆಡಬೇಕು.

"ಏನಂತಿದ್ದಾಳೆ?" ಎಂದು ಅಮ್ಮ ಕೇಳಿದಳು.

"ಅವಳ ಮಾತಲ್ಲ. ಬೇರೆಯವರದು. ಹೇಳಬಾರದು."

"ಹೇಳಬೇಡ. ನಿಲ್ಲುತ್ತಿದೆಯಾ, ನಡೆಯುತ್ತಿದೆಯಾ, ಅಷ್ಟು ಹೇಳು."

ಕಿವಿಯನ್ನು ಬಾಗಿಲಿಗೆ ಒತ್ತಿದೆ. ಅಕ್ಕನ ದನಿ ಓಡುತ್ತಿತ್ತು, ತಡೆದು ಮತ್ತೆ ಓಡುತ್ತಿತ್ತು. ಒಮ್ಮೆ ಬಹಳ ಹೊತ್ತು ಏನೂ ಕೇಳಲಿಲ್ಲ. ಅದು ಅವಳ ಕೈ ಮಾತಾಡುವ ಹೊತ್ತೋ, ಪರದೆ ಕಲ್ಲಾದ ಹೊತ್ತೋ ನನಗೆ ಹೇಗೆ ಗೊತ್ತಾಗಬೇಕು? ಅಮ್ಮ ನನ್ನ ಮೊಣಕೈ ಹಿಂಡಿದಳು. ಮತ್ತೆ ದನಿ ಬಂತು.

"ನಡೀತಿದೆ" ಎಂದೆ.

ಐದಕ್ಕೆ ಎರಡು ನಿಮಿಷ ಇರುವಾಗ ಬಾಗಿಲು ತೆರೆಯಿತು. ಅಕ್ಕನ ಕೂದಲು ಹಣೆಗೆ ಅಂಟಿತ್ತು.

"ಸೋಮವಾರ ಒಂಬತ್ತಕ್ಕೆ."

"ಅಂದ್ರೆ ತಗೊಂಡ್ರಾ?"

"ತಗೊಳ್ದೆ ಸೋಮವಾರ ಯಾಕೋ ಕರೀತಾರೆ, ಮುಖ ನೋಡೋಕಾ?" ಎಂದು ಮೂರು ದಿನದ ಮೇಲೆ ಮೊದಲ ಸಲ ನನಗೆ ನೆಟ್ಟಗೆ ಬೈದಳು. ಅಮ್ಮನಿಗೆ ಹೇಳಲು ಕೈ ಎತ್ತಿದಳು. ಬೆರಳು ನಡುಗಿ ಅಮ್ಮನಿಗೆ ಏನೂ ತಿಳಿಯಲಿಲ್ಲ. ಅಮ್ಮ ಆ ಎರಡೂ ಕೈಯನ್ನು ಹಿಡಿದು, ನಡುಕ ನಿಲ್ಲುವವರೆಗೆ ತನ್ನ ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಬಿಟ್ಟಳು. ಅಕ್ಕ ಹೇಳಿದಳು.

ಕೂತವಳು ಒಂದು ನಿಮಿಷವೂ ಕೂರಲಿಲ್ಲ. ಊರುಗೋಲು ಹಿಡಿದು ಎದ್ದಳು. ಕುರ್ಚಿಗೆ ದಿಂಬು ಬೇಕು, ಹಿಂದಿನ ಗೋಡೆಗೆ ಕಪ್ಪು ಬಟ್ಟೆ ಬೇಕು, ಒಂಬತ್ತರಿಂದ ಐದರವರೆಗೆ ಈ ಬಾಗಿಲು ಯಾರೂ ತಟ್ಟಬಾರದು. ತಟ್ಟನೆ ನಿಂತಳು. "ಅಯ್ಯೋ. ಸೋಮವಾರ ಹನ್ನೊಂದಕ್ಕೆ ಅಮ್ಮನಿಗೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗೋದಿದೆಯಲ್ಲೋ. ಹೊಸ ಲೈನಿನಲ್ಲಿ ಇಲ್ಲಿಂದಲೇ ದಾಟಿಸೋಣ ಅಂದ್ಕೊಂಡಿದ್ದೆ, ಇನ್ನು ನನಗಾಗಲ್ಲ. ನೀನೇ ರಜೆ ಹಾಕು."

"ನಾನಾ? ಅಲ್ಲಿ ಏನೇನೋ ಹೇಳ್ತಾರೆ ಕಣೇ! ಪೊರೆ, ನರ, ಒತ್ತಡ... ಅದಕ್ಕೆಲ್ಲ ಕೈಯಲ್ಲಿ ಹೇಗೇ ಹೇಳೋದು?"

"ಎರಡು ದಿನ ಇದೆ. ಕಲಿ."

ಅಮ್ಮ ನಮ್ಮಿಬ್ಬರ ಬಾಯಿಯನ್ನು ನೋಡುತ್ತಾ, ಏನು ವಿಷಯ ಎಂದು ಕೇಳಿದಳು. ನಾನು ದಾಟಿಸಿದೆ: ಸೋಮವಾರ, ಕಣ್ಣಿನ ಡಾಕ್ಟರ್, ನಿನ್ನ ಜೊತೆ ನಾನು.

ಅಮ್ಮ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ ಅಕ್ಕನ ಕಡೆ ತಿರುಗಿದಳು.

"ಬೇರೆ ಯಾರೂ ಇಲ್ಲವಾ?"